ಮದ್ಯ ಹತ್ತಿರ, ಮದ್ದು ದೂರ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಗಿ ಶರಾವತಿಯ ಕಣಿವೆಯಲ್ಲಿ ನೀರು ನಿಂತಾಗ ಎಷ್ಟೋ ಊರುಗಳು ಮುಳುಗಿಹೋದವು. ಮುಳುಗದೆ ಉಳಿದ ಊರುಗಳು ದ್ವೀಪಗಳಂತಾದವು. ತುಮರಿ ಸೀಮೆಯ ಜನರು ಸಾಗರದ ಆಸ್ಪತ್ರೆಗೆ ಬರಬೇಕಾದರೆ ಹಿನ್ನೀರಿನ ದಡದಲ್ಲಿ ಲಾಂಚಿಗಾಗಿ ಕಾದು ನಿಲ್ಲಬೇಕಾಗಿತ್ತು. ಹೆರಿಗೆ ನೋವು ಬಂದವಳೂ ಕಾಯಬೇಕು, ಹಾವು ಕಚ್ಚಿದವನೂ ಕಾಯಬೇಕು. ಆರು ದಶಕಗಳ ತರುವಾಯ, 2025ರ ಜುಲೈ 14ರಂದು, ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಗೊಂಡಿತು. ಈ ಸೇತುವೆಗಾಗಿ ಜನರು ಕೂಗಿದಾಗ, "ನಿಮಗೆ ನಿಜವಾಗಿಯೂ ದಾಟುವ ಮನಸ್ಸಿದ್ದರೆ ಈಜಿಕೊಂಡು ಬನ್ನಿ" ಎಂದು ಯಾರೂ ಅವರಿಗೆ ಹೇಳಲಿಲ್ಲ. ಹಾಗೆ ಹೇಳುವುದು ಕ್ರೌರ್ಯವೆಂದು ಎಲ್ಲರಿಗೂ ಗೊತ್ತಿತ್ತು.

ಆದರೆ ಕುಡಿತದ ಚಟಕ್ಕೆ ಸಿಕ್ಕಿ ನರಳುವವನಿಗೆ ನಾವು ಹೇಳುತ್ತಿರುವುದು ಇದನ್ನೇ ಅಲ್ಲವೇ? "ಮನಸ್ಸು ಮಾಡಿದರೆ ಬಿಡಬಹುದು", "ಬಿಡುವ ಇಚ್ಛೆ ಅವನಿಗೇ ಇಲ್ಲ", "ದೇವರ ಮುಂದೆ ಮಾತು ಕೊಟ್ಟು ಮುರಿದವನು." ದಡದಲ್ಲಿ ನಿಂತು ಈಜೆಂದು ಕೂಗುವ ಈ ಪದ್ಧತಿಯನ್ನು ನಾವು ಉಪದೇಶವೆಂದು ಕರೆಯುತ್ತಿದ್ದೇವೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ನಮ್ಮ ಕುಟುಂಬಗಳಿಗೆ ಇಂದು ಬೇಕಾಗಿರುವುದು ಇನ್ನೊಂದು ಉಪದೇಶವಲ್ಲ. ಮನೆಯಿಂದ ಹೋಗಿ ಸಂಜೆಯೊಳಗೆ ಮರಳಬಹುದಾದಷ್ಟು ಹತ್ತಿರದಲ್ಲಿ, ವಾರವಾರವೂ, ಅವಮಾನವಿಲ್ಲದೆ ಸಿಗುವ ವೈದ್ಯಕೀಯ ಚಿಕಿತ್ಸೆ ಬೇಕಾಗಿದೆ. ಇದನ್ನು ನಿಷ್ಠುರವಾಗಿ ಹೇಳುವ ಕಾಲ ಬಂದಿದೆ.

ದೂರದ ಲೆಕ್ಕ

ನಮ್ಮ ಹಳ್ಳಿಗಳಲ್ಲಿ ಮದ್ಯ ಎಷ್ಟು ದೂರ ಎಂದು ಯಾರನ್ನು ಬೇಕಾದರೂ ಕೇಳಿ ನೋಡಿ. ಪೇಟೆಯಲ್ಲಿ ಪರವಾನಗಿಯ ಅಂಗಡಿ. ಹಳ್ಳಿಯ ತಿರುವಿನಲ್ಲಿ ಬೆಲ್ಲ, ಬೆಂಕಿಪೆಟ್ಟಿಗೆಗಳ ಹಿಂದೆ ಗುಟ್ಟಾಗಿ ಮಾರುವ ಅಂಗಡಿ. ಇನ್ನು ಮದ್ದು ಎಷ್ಟು ದೂರ? ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರ್; ಹಿನ್ನೀರಿನ ಆಚೆಯವರಿಗೆ ಅದರ ಮೇಲೆ ಇನ್ನಷ್ಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮುನ್ನೂರು ಕಿಲೋಮೀಟರಿಗೂ ಆಚೆ. ದಿನಗೂಲಿಯ ಮೇಲೆ ಬದುಕುವವನು ಒಂದು ಮಾತ್ರೆಯ ಚೀಟಿಗಾಗಿ ಒಂದು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಳ್ಳಬೇಕು. ಜೊತೆಗೆ ಬರುವ ಹೆಂಡತಿಯ ಕೂಲಿಯೂ ಹೋಯಿತು. ಒಮ್ಮೆ ಹೋದಾರು, ಎರಡು ಸಲ ಹೋದಾರು. ಮೂರನೆಯ ಸಲ ಹೋಗದಿದ್ದರೆ "ಅವನಿಗೆ ಮನಸ್ಸಿಲ್ಲ" ಎನ್ನುತ್ತೇವೆ. ಇಲ್ಲದಿರುವುದು ಮನಸ್ಸೋ ಮಾರ್ಗವೋ ಎಂದು ವಿಚಾರಿಸುವುದಿಲ್ಲ.

ಇದು ಮಲೆನಾಡಿನ ಗೋಳು ಮಾತ್ರವಲ್ಲ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ದೊರೆತಿತ್ತು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಮದ್ಯದ ಕಾಯಿಲೆಯಿರುವ ನೂರರಲ್ಲಿ 86 ಮಂದಿ ಚಿಕಿತ್ಸೆಯಿಂದ ಹೊರಗುಳಿದಿದ್ದರು. ಸಕ್ಕರೆ ಕಾಯಿಲೆಯ 38 ಜನರಲ್ಲಿ ಒಬ್ಬರಿಗೆ ಮಾತ್ರ ಔಷಧಿ ಸಿಗುತ್ತಿದ್ದರೆ ಈ ನಾಡು ಸುಮ್ಮನಿರುತ್ತಿತ್ತೇ?

ಸಂಕಲ್ಪವೊಂದೇ ಸಾಲದು

2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಹಬ್ಬಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಕಾಡಿಗೆ ಸೊಪ್ಪು ತರಲು ಹೋದವರಿಗೆ ಉಣುಗು ಕಚ್ಚಿ ಜ್ವರ ಬಂತು. "ಕಾಡಿಗೆ ಏಕೆ ಹೋದೆ, ಇನ್ನು ಹೋಗುವುದಿಲ್ಲವೆಂದು ಆಣೆ ಮಾಡು, ಆಮೇಲೆ ಔಷಧಿ ಕೊಡುತ್ತೇವೆ" ಎಂದು ಯಾವ ವೈದ್ಯರೂ ಹೇಳಲಿಲ್ಲ. ಕುಡಿತದ ಕಾಯಿಲೆಗೆ ಮಾತ್ರ ಪ್ರಮಾಣವಚನವೇ ಔಷಧಿ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ.

ಮೊದಲ ಲೋಟವನ್ನು ಎತ್ತುವಾಗ ಮನುಷ್ಯನಿಗೆ ಸ್ವಾತಂತ್ರ್ಯವಿರುತ್ತದೆ, ನಿಜ. ವರ್ಷಗಟ್ಟಲೆ ಕುಡಿದ ಮೇಲೆ ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಡುತ್ತದೆ. ಬೆಳಿಗ್ಗೆ ಎದ್ದೊಡನೆ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಡವಗುಟ್ಟುತ್ತದೆ. ಆ ನಡುಕದ ಕೈಯಲ್ಲಿ ಅಡಿಕೆ ಮರ ಏರಲಾಗದು, ಏರದಿದ್ದರೆ ಕೂಲಿಯಿಲ್ಲ. ಒಂದು ಗುಟುಕು ಕುಡಿದರೆ ನಡುಕ ನಿಲ್ಲುತ್ತದೆ. ಅವನು ಆಗ ಕುಡಿಯುವುದು ಸಂತೋಷಕ್ಕಲ್ಲ, ನೆಟ್ಟಗೆ ನಿಲ್ಲುವುದಕ್ಕೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ತನ್ನ 1735ನೆಯ ಪರಿಚ್ಛೇದದಲ್ಲಿ, ರೂಢಿಯಾದ ಅಭ್ಯಾಸ ಮತ್ತು ಅತಿಯಾದ ಬಂಧನಗಳು ಮನುಷ್ಯನ ಕೃತ್ಯದ ಹೊಣೆಗಾರಿಕೆಯನ್ನು ಕುಗ್ಗಿಸಬಲ್ಲವು ಎಂದು ಒಪ್ಪುತ್ತದೆ. ಗ್ರಂಥವು ಒಪ್ಪಿದ್ದನ್ನು ನಮ್ಮ ಜಗಲಿಗಳು ಇನ್ನೂ ಒಪ್ಪಿಲ್ಲ.

ಇನ್ನೂ ಗಂಭೀರವಾದ ಮಾತೊಂದಿದೆ. ತಪಸ್ಸುಕಾಲದಲ್ಲೋ ಊರ ಹಬ್ಬದಲ್ಲೋ ಒಬ್ಬನು ಎಲ್ಲರೆದುರು "ಇಂದಿನಿಂದ ಮುಟ್ಟುವುದಿಲ್ಲ" ಎಂದು ಪ್ರತಿಜ್ಞೆ ಮಾಡುತ್ತಾನೆ, ಚಪ್ಪಾಳೆ ಬೀಳುತ್ತದೆ. ಅನೇಕ ವರ್ಷ ಪ್ರತಿದಿನ ವಿಪರೀತ ಕುಡಿದವನು ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಆಗುವುದೇನು? ಮೊದಲ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೆಯ ದಿನದ ಹೊತ್ತಿಗೆ ಸನ್ನಿ ಹಿಡಿಯಬಹುದು: ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತದೆ, ಇಲ್ಲದ ದನಿಗಳು ಕೇಳುತ್ತವೆ, ಮನೆಯವರ ಗುರುತು ಹತ್ತುವುದಿಲ್ಲ. "ದೆವ್ವ ಮೆಟ್ಟಿಕೊಂಡಿದೆ" ಎಂದು ಮಂತ್ರವಾದಿಯ ಬಳಿಗೋ, "ಸೈತಾನನ ಕಾಟ" ಎಂದು ಪ್ರಾರ್ಥನಾಕೂಟಕ್ಕೋ ಎಳೆದೊಯ್ಯುವಷ್ಟರಲ್ಲಿ ಪ್ರಾಣವೇ ಹೋಗಬಹುದು. ಇದಕ್ಕೆ ಔಷಧಿಯಿದೆ, ಸಕಾಲದಲ್ಲಿ ಕೊಟ್ಟರೆ ಬಹುಪಾಲು ಮಂದಿ ಬದುಕುತ್ತಾರೆ. ಆದುದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ವೈದ್ಯರನ್ನು ಕಾಣಿಸದೆ ಇಂಥವರಿಂದ ಪ್ರತಿಜ್ಞೆ ಮಾಡಿಸುವುದು ಭಕ್ತಿಯಲ್ಲ, ಅಪಾಯ.

ಬೀಗ ಹಾಕುವುದೂ ಪುಡಿ ಬೆರೆಸುವುದೂ

ಮದ್ಯವರ್ಜನ ಶಿಬಿರಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶ್ರೀಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಮ್ಮ ಭಾಗದಲ್ಲೂ ಇಂಥ ಶಿಬಿರಗಳನ್ನು ನಡೆಸುತ್ತ ಬಂದಿದ್ದಾರೆ. ಕುಡಿತ ಬಿಟ್ಟವರನ್ನು ಮತ್ತೆ ಮತ್ತೆ ಸೇರಿಸಲು ನವಜೀವನ ಸಮಿತಿಗಳನ್ನೂ ಕಟ್ಟಿದ್ದಾರೆ. ಏಳೆಂಟು ದಿನಗಳ ಶಿಬಿರ ಮುಗಿದರೆ ಕೆಲಸ ಮುಗಿಯಲಿಲ್ಲ, ಅಲ್ಲಿಂದ ಆರಂಭ ಎಂಬುದನ್ನು ಶಿಬಿರ ನಡೆಸುವವರೇ ಅರಿತಿದ್ದಾರೆ. ಅರಿಯದವರು ನಾವು. ಶಿಬಿರದಿಂದ ಬಂದವನು ಮೂರು ತಿಂಗಳ ಮೇಲೆ ಎಡವಿದರೆ "ಇವನಿಗೆ ಎಷ್ಟು ಮಾಡಿದರೂ ಅಷ್ಟೇ" ಎಂದು ಕೈತೊಳೆದುಕೊಳ್ಳುತ್ತೇವೆ. ರಕ್ತದೊತ್ತಡದವನು ಉಪ್ಪಿನಕಾಯಿ ತಿಂದು ಒತ್ತಡ ಏರಿಸಿಕೊಂಡರೆ ಹೀಗೆ ಹೇಳುತ್ತೇವೆಯೇ? ಮದ್ಯದ ಕಾಯಿಲೆ ಮರುಕಳಿಸುವ ಸ್ವಭಾವದ್ದು. ಮರುಕಳಿಸಿದಾಗ ಔಷಧಿಯನ್ನು ಬದಲಿಸಬೇಕೇ ಹೊರತು ರೋಗಿಯನ್ನು ಬಿಟ್ಟುಬಿಡಬಾರದು.

ಶಿಬಿರಗಳನ್ನು ಬಿಟ್ಟರೆ ಇನ್ನೆರಡು ದಾರಿಗಳನ್ನು ಜನರು ಹಿಡಿಯುತ್ತಿದ್ದಾರೆ. ಒಂದು, ದೂರದ ಊರಿನ ಯಾವುದೋ ಕೇಂದ್ರದಲ್ಲಿ ತಿಂಗಳುಗಟ್ಟಲೆ ಕೂಡಿಹಾಕುವುದು. ಅದಕ್ಕೆ ಸಾಲ, ಒಡವೆ ಅಡವು. ಹೊರಬಂದ ದಿನವೇ ಅದೇ ಊರು, ಅದೇ ಗೆಳೆಯರು, ಅದೇ ಅಂಗಡಿ. ಎರಡು, "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಜಾಹೀರಾತಿಗೆ ಮರುಳಾಗಿ ಕಾಫಿಗೋ ಸಾರಿಗೋ ಪುಡಿ ಬೆರೆಸುವುದು. ಡೈಸಲ್ಫಿರಾಮ್ ಎಂಬ ಔಷಧಿಯನ್ನು ಸೇವಿಸಿದವನು ಮದ್ಯ ಕುಡಿದರೆ ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಹೃದಯಕ್ಕೇ ಆಪತ್ತು ಬರಬಹುದು. ರೋಗಿಯ ತಿಳಿವಳಿಕೆ, ಒಪ್ಪಿಗೆ ಮತ್ತು ವೈದ್ಯರ ನಿಗಾ ಇದ್ದಾಗ ಮಾತ್ರ ಅದು ಔಷಧಿ. ಗುಟ್ಟಾಗಿ ಬೆರೆಸಿದರೆ ವಿಷ. ತಾಯಂದಿರೇ, ಸಹೋದರಿಯರೇ, ಹತಾಶೆಯಿಂದ ನೀವು ಇದನ್ನು ಮಾಡುತ್ತೀರೆಂದು ಬಲ್ಲೆ. ಆದರೂ ಬೇಡ.

ಹೊರರೋಗಿ ಚಿಕಿತ್ಸೆ ಎಂದರೇನು?

ಹೆಚ್ಚಿನವರಿಗೆ ತಿಂಗಳುಗಟ್ಟಲೆ ಆಸ್ಪತ್ರೆವಾಸ ಬೇಕಾಗಿಲ್ಲ. ಹಿಂದೆ ಫಿಟ್ಸ್ ಬಂದವರು, ಸನ್ನಿ ಹಿಡಿದವರು, ಯಕೃತ್ತು ತೀರ ಕೆಟ್ಟವರು, ಆತ್ಮಹತ್ಯೆಯ ಯೋಚನೆಯಿರುವವರು ದಾಖಲಾಗಲೇಬೇಕು. ಉಳಿದ ಅನೇಕರು ಮನೆಯಲ್ಲಿದ್ದುಕೊಂಡೇ, ಹೊರರೋಗಿಗಳಾಗಿ ಗುಣಮುಖರಾಗಬಹುದು. ಮೊದಲ ಕೆಲವು ದಿನ ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಗಳನ್ನು ಅಳತೆ ಇಳಿಸುತ್ತ ಕೊಡುತ್ತಾರೆ. ಮಿದುಳಿನ ರಕ್ಷಣೆಗೆ ಥಯಮಿನ್ ಎಂಬ ಬಿ1 ಜೀವಸತ್ವವನ್ನು ಕೊಡುತ್ತಾರೆ. ಅನಂತರ ಕುಡಿಯುವ ತೀವ್ರ ಬಯಕೆಯನ್ನು ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಔಷಧಿಗಳಿವೆ. ಯಾರಿಗೆ ಯಾವುದು ಎಂಬುದು ವೈದ್ಯರ ತೀರ್ಮಾನ. ಜೊತೆಗೆ ಮಾತುಕತೆ, ಕುಟುಂಬಕ್ಕೆ ಧೈರ್ಯ, ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಭೇಟಿ. ಆತ ತೋಟಕ್ಕೆ ಹೋಗುತ್ತಲೇ, ಮಕ್ಕಳ ಜೊತೆ ಉಣ್ಣುತ್ತಲೇ ಚೇತರಿಸಿಕೊಳ್ಳುತ್ತಾನೆ.

ಇದಕ್ಕೆ ಎಲ್ಲ ಕಡೆಯೂ ಮನೋವೈದ್ಯರೇ ಬೇಕೆಂಬ ನೆಪ ಹೇಳಬೇಕಾಗಿಲ್ಲ. ನಮ್ಮಲ್ಲಿ ಅನೇಕರ ಪೂರ್ವಜರ ನಾಡಾದ ಗೋವೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ಮಿತಿಮೀರಿ ಕುಡಿಯುವ ಪುರುಷರ ನಡುವೆ ಒಂದು ಅಧ್ಯಯನ ನಡೆಯಿತು. ತರಬೇತಿ ಪಡೆದ ಸಾಮಾನ್ಯ ಜನರೇ ಹೆಚ್ಚೆಂದರೆ ನಾಲ್ಕು ಸಲ ಆಪ್ತಸಲಹೆ ನೀಡಿದರು. ಮೂರು ತಿಂಗಳ ಬಳಿಕ ನೋಡಿದರೆ, ಸಲಹೆ ಪಡೆದವರಲ್ಲಿ ನೂರಕ್ಕೆ 36 ಮಂದಿ ಅಪಾಯದ ಕುಡಿತದಿಂದ ಹೊರಬಂದಿದ್ದರು. ಪಡೆಯದವರಲ್ಲಿ 26 ಮಂದಿ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 2017ರಲ್ಲಿ ಇದು ಪ್ರಕಟವಾಯಿತು. ಕಾಯಿಲೆ ಬಲಿತವರಿಗೆ ಔಷಧಿಯೂ ಬೇಕು. ಆದರೆ ಬಲಿಯುವ ಮುನ್ನವೇ ಹಿಡಿಯಲು ಹತ್ತಿರದ ಆರೋಗ್ಯ ಕೇಂದ್ರವೇ ಸಾಕು ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯವೇಕೆ? ಅಫೀಮಿನ ವರ್ಗದ ಮಾದಕಗಳಿಂದ ತತ್ತರಿಸಿದ ಪಂಜಾಬ್ ರಾಜ್ಯವು 2017ರಿಂದ ಹೊರರೋಗಿ ಚಿಕಿತ್ಸಾಲಯಗಳನ್ನು ತೆರೆದು ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡತೊಡಗಿತು. ಫ್ರಾನ್ಸ್ ದೇಶ 1995ರಲ್ಲಿ ಇದೇ ಔಷಧಿಯನ್ನು ಸಾಮಾನ್ಯ ವೈದ್ಯರೂ ಬರೆದುಕೊಡಲು ಅವಕಾಶ ನೀಡಿದ ಮೇಲೆ ನಾಲ್ಕು ವರ್ಷಗಳಲ್ಲಿ ಅತಿಸೇವನೆಯ ಸಾವುಗಳು ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಇಳಿದವು.

ಆಕ್ಷೇಪಗಳು

"ಮದ್ಯ ಬಿಟ್ಟು ಮಾತ್ರೆಗೆ ಅಂಟಿಕೊಂಡರೆ ಲಾಭವೇನು?" ಎಂದು ಕೇಳುವವರಿದ್ದಾರೆ. ಮಾತ್ರೆ ನುಂಗಿದವನು ಹೆಂಡತಿಗೆ ಹೊಡೆಯುವುದಿಲ್ಲ, ಮಗಳ ಶಾಲೆಯ ಹಣವನ್ನು ಕದಿಯುವುದಿಲ್ಲ, ಮರದಿಂದ ಬಿದ್ದು ಸಾಯುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವನನ್ನು ಯಾರೂ ಇನ್ಸುಲಿನ್ ಚಟದವನೆನ್ನುವುದಿಲ್ಲ.

"ಚಿಕಿತ್ಸೆ ಸುಲಭವಾದರೆ ಕುಡಿಯಲು ಧೈರ್ಯ ಬರುತ್ತದೆ" ಎಂಬುದು ಇನ್ನೊಂದು ಮಾತು. ಆಸ್ಪತ್ರೆ ಹತ್ತಿರವಿದೆಯೆಂದು ಯಾರೂ ಕಾಲು ಮುರಿದುಕೊಳ್ಳುವುದಿಲ್ಲ.

"ಅವನಿಗೇ ಗುಣವಾಗುವ ಇಚ್ಛೆಯಿಲ್ಲ" ಎಂಬುದು ಮೂರನೆಯದು. ಇದಕ್ಕೆ ಶುಭಸಂದೇಶವನ್ನೂ ಆಧಾರವಾಗಿ ಎಳೆತರುತ್ತಾರೆ. ಜೆರುಸಲೇಮಿನ ಕೊಳದ ಬಳಿ ಮೂವತ್ತೆಂಟು ವರ್ಷಗಳಿಂದ ಬಿದ್ದಿದ್ದ ರೋಗಿಯನ್ನು ಯೇಸುಸ್ವಾಮಿ, ಗುಣವಾಗಲು ನಿನಗೆ ಮನಸ್ಸಿದೆಯೇ ಎಂದು ಕೇಳಿದ್ದುಂಟು. ಆದರೆ ಆ ರೋಗಿಯ ಉತ್ತರವನ್ನು ನಾವು ಮರೆಯುತ್ತೇವೆ. ನೀರು ಕದಲಿದಾಗ ತನ್ನನ್ನು ಕೊಳಕ್ಕೆ ಇಳಿಸುವವರು ಯಾರೂ ಇಲ್ಲವೆಂದು ಅವನು ಹೇಳಿದ. ಮನಸ್ಸಿನ ಪ್ರಶ್ನೆಗೆ ಅವನು ಕೊಟ್ಟದ್ದು ಮಾರ್ಗದ ಉತ್ತರ. ಸ್ವಾಮಿ ಅವನನ್ನು ಗದರಿಸಲಿಲ್ಲ, ಅವನಿದ್ದಲ್ಲಿಯೇ ಗುಣಪಡಿಸಿದರು.

ಅಫೀಮು ಬಿಡಲಾಗದ ಸಂತ

ನಮ್ಮ ಪೀಠಗಳಲ್ಲಿ ಅವರ ಪ್ರತಿಮೆಯಿಲ್ಲ, ಆದರೂ ಅವರ ಹೆಸರನ್ನು ನಮ್ಮ ಕುಟುಂಬಗಳು ಅರಿಯಬೇಕು: ಚೀನಾದ ಸಂತ ಮಾರ್ಕ್ ಜಿ ತಿಯಾನ್‌ಷಿಯಾಂಗ್. ವೃತ್ತಿಯಲ್ಲಿ ವೈದ್ಯರು, ಬಡವರಿಗೆ ಉಚಿತವಾಗಿ ಚಿಕಿತ್ಸೆ ನೀಡುತ್ತಿದ್ದವರು. ಹೊಟ್ಟೆಯ ಕಾಯಿಲೆಗೆಂದು ಅಫೀಮು ಸೇವಿಸಿ ಅದಕ್ಕೆ ಬಂಧಿಯಾದರು. ಮತ್ತೆ ಮತ್ತೆ ಪಾಪನಿವೇದನೆ ಮಾಡಿದರು, ಮತ್ತೆ ಮತ್ತೆ ಬಿದ್ದರು. ಕೊನೆಗೆ, ನಿನಗೆ ಬಿಡುವ ಮನಸ್ಸಿಲ್ಲವೆಂದು ಗುರುಗಳು ಕ್ಷಮಾದಾನವನ್ನು ತಡೆಹಿಡಿದರು. ಮೂವತ್ತು ವರ್ಷಗಳ ಕಾಲ ಪರಮಪ್ರಸಾದವಿಲ್ಲದೆಯೂ ಅವರು ದೇವಾಲಯವನ್ನು ತೊರೆಯಲಿಲ್ಲ. 1900ರಲ್ಲಿ ಬಾಕ್ಸರ್ ದಂಗೆಯ ಕಾಲದಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. 2000ದ ಅಕ್ಟೋಬರ್ 1ರಂದು ಎರಡನೇ ಜಾನ್ ಪೌಲ್ ಜಗದ್ಗುರುಗಳು ಅವರನ್ನು ಸಂತರೆಂದು ಸಾರಿದರು.

ಆ ಗುರುಗಳನ್ನು ದೂಷಿಸಿ ಫಲವಿಲ್ಲ. ಚಟವೆಂಬುದು ಕಾಯಿಲೆಯೆಂಬ ಅರಿವು ಆ ಕಾಲಕ್ಕಿರಲಿಲ್ಲ. ನಮ್ಮ ಕಾಲಕ್ಕಿದೆ. ಅರಿವಿದ್ದೂ ಅದೇ ಮಾತನ್ನು ಆಡುವವರಿಗೆ ಯಾವ ನೆಪವಿದೆ? ಪ್ರಾರ್ಥನೆ ಬೇಡವೆಂದು ನಾನು ಹೇಳುತ್ತಿಲ್ಲ. ವೈದ್ಯನನ್ನು ಗೌರವಿಸು, ಭೂಮಿಯಿಂದ ಔಷಧಿಗಳನ್ನು ಉಂಟುಮಾಡಿದವನು ದೇವರೇ ಎಂದು ಸಿರಾಖನ ಗ್ರಂಥವೂ ಕಲಿಸುತ್ತದೆ. ಜಪಸರ ಹಿಡಿದ ಕೈಯಲ್ಲಿ ಮಾತ್ರೆಯ ಚೀಟಿಯೂ ಇರಬಹುದು.

ಸಾವನ್ನು ತಡೆಯುವ ಪಾಠ

ಅತಿಯಾಗಿ ಕುಡಿದು ಬಿದ್ದವನನ್ನು "ಮಲಗಿ ಎದ್ದರೆ ಸರಿಹೋಗುತ್ತದೆ" ಎಂದು ಬಿಟ್ಟುಹೋಗುವುದು ನಮ್ಮ ಮದುವೆಮನೆಗಳ ರೂಢಿ. ಕೂಗಿದರೂ ಅಲುಗಿಸಿದರೂ ಎಚ್ಚರಾಗದಿದ್ದರೆ, ಉಸಿರು ತೀರ ನಿಧಾನವಾದರೆ ಅಥವಾ ಗೊರಗೊರ ಸದ್ದು ಬಂದರೆ, ತುಟಿ ನೀಲಿಯಾದರೆ ಅದು ನಿದ್ದೆಯಲ್ಲ. ಮಗ್ಗುಲಾಗಿ ಮಲಗಿಸಿರಿ, ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಬಾಯಿಗೆ ಮಜ್ಜಿಗೆ, ನಿಂಬೆರಸ, ಹುಣಸೆನೀರು ಏನನ್ನೂ ಹುಯ್ಯಬೇಡಿರಿ. 108ಕ್ಕೆ ಕರೆ ಮಾಡಿ ಪಕ್ಕದಲ್ಲಿಯೇ ಇರಿ. ಮದ್ಯದ ಜೊತೆ ನಿದ್ದೆಮಾತ್ರೆ ಸೇರಿದರೆ ಅಪಾಯ ಹಲವು ಪಟ್ಟು.

ಕೆಲವು ವಾರ ಬಿಟ್ಟಿದ್ದು ಮತ್ತೆ ಆರಂಭಿಸುವವನಿಗೆ ಇನ್ನೂ ಎಚ್ಚರಿಕೆ ಬೇಕು. ಮೊದಲಿನ ಅಳತೆಯನ್ನು ತಡೆದುಕೊಳ್ಳುವ ಶಕ್ತಿಯನ್ನು ದೇಹ ಕಳೆದುಕೊಂಡಿರುತ್ತದೆ. ಮಂಗಳೂರು, ಬೆಂಗಳೂರುಗಳಿಗೆ ಓದಲು ಹೋದ ನಮ್ಮ ಮಕ್ಕಳ ಕೈಗೆ ಮದ್ಯಕ್ಕಿಂತ ಘೋರವಾದ ಪದಾರ್ಥಗಳೂ ಸಿಗುತ್ತಿವೆ. ಹೆರಾಯಿನ್ ಮೊದಲಾದ ಅಫೀಮಿನ ವರ್ಗದ ಮಾದಕಗಳು ಉಸಿರನ್ನೇ ನಿಲ್ಲಿಸುತ್ತವೆ. ಅದಕ್ಕೆ ನಾಲೋಕ್ಸೋನ್ ಎಂಬ ಪ್ರತ್ಯೌಷಧವಿದೆ. ಅತಿಸೇವನೆಯನ್ನು ಕಣ್ಣಾರೆ ಕಾಣಬಹುದಾದ ಸಾಮಾನ್ಯ ಜನರ ಕೈಗೂ ಅದು ಎಟುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿಯೇ ಸೂಚಿಸಿದೆ. ಪೊಲೀಸರ ಭಯದಿಂದ ಗೆಳೆಯನನ್ನು ಕೋಣೆಯಲ್ಲಿ ಸಾಯಲು ಬಿಟ್ಟು ಓಡಬಾರದೆಂದು ಮಕ್ಕಳಿಗೆ ಹೇಳಿರಿ. ಚಿಕಿತ್ಸೆಗೆ ತಾನಾಗಿ ಒಪ್ಪುವ ವ್ಯಸನಿಗೆ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ವಿಚಾರಣೆಯಿಂದ ರಕ್ಷಣೆ ನೀಡುವ 64ಎ ಕಲಮು 1985ರ ಮಾದಕ ವಸ್ತು ಕಾಯ್ದೆಯಲ್ಲಿಯೇ ಇದೆ.

ಕೇಳುವ ಹಕ್ಕು, ಮಾಡುವ ಕರ್ತವ್ಯ

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಷೇಧವಾಯಿತು. ಸಾರಾಯಿಯ ಪ್ಯಾಕೆಟ್ ಹೋಯಿತು, ಅಗ್ಗದ ಬ್ರಾಂದಿ, ವಿಸ್ಕಿ ಬಂತು. ಕಾಯಿಲೆ ಎಲ್ಲಿಗೂ ಹೋಗಲಿಲ್ಲ. ಇಂದು ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿ ವರಮಾನವಿದೆ. ಬಾಟಲಿಯನ್ನು ಹಳ್ಳಿಯ ಮೂಲೆಗೂ ಮುಟ್ಟಿಸಬಲ್ಲ ವ್ಯವಸ್ಥೆಗೆ ಮಾತ್ರೆಯನ್ನು ಮುಟ್ಟಿಸಲಾಗದೆಂದರೆ ನಂಬುವುದು ಹೇಗೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯೊಳಗೆ ಸೇರಿಸಿದೆ. ಸರ್ಕಾರಿ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ತಾಲೂಕು ಆಸ್ಪತ್ರೆಗಳಿಗೆ ವಾರಕ್ಕೊಮ್ಮೆ ಮನೋವೈದ್ಯರು ಬರಲೆಂದು ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮವನ್ನು ಆರಂಭಿಸಿತು. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಎಂದು 2016ರಲ್ಲಿ ನಿಧನರಾಗುವವರೆಗೂ ಮಲೆನಾಡಿಗೆ ತಿಳಿಹೇಳಿದ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈ ಅವರಂಥವರ ಶ್ರಮ ಈ ನೆಲದಲ್ಲಿದೆ. ಕಾಗದದ ಮೇಲಿನ ಹಕ್ಕನ್ನು ಕೇಳಿ ಪಡೆಯುವವರು ಬೇಕು.

ಪ್ರಿಯ ಬಾಂಧವರೇ, ನಮ್ಮ ಪಾಲಿನ ಕೆಲಸ ದೊಡ್ಡದೇನಲ್ಲ. ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ ದೇವಾಲಯದ ಫಲಕದಲ್ಲಿ ಬರೆಯಿರಿ. ಬರದಿದ್ದರೆ ಅಥವಾ ಔಷಧಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ, ಲಿಖಿತವಾಗಿ ಕೇಳಿರಿ. ರಾತ್ರಿಯ ಹೊತ್ತಿನಲ್ಲಿಯೂ ಕನ್ನಡದಲ್ಲಿ ಮಾತನಾಡಿಸುವ ಟೆಲಿಮನಸ್ ಸಂಖ್ಯೆ 14416, ಮಾದಕ ವ್ಯಸನದ ಸಹಾಯವಾಣಿ 14446: ಇವೆರಡನ್ನೂ ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಧರ್ಮಭಗಿನಿಯರು ನಡೆಸುವ ಚಿಕಿತ್ಸಾಲಯಗಳಿರುವಲ್ಲಿ ವಾರದ ಒಂದು ಸಂಜೆ ಇದಕ್ಕಾಗಿ ಮೀಸಲಾಗಲಿ. ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗಕ್ಕೂ, ಕುಡುಕರ ಮನೆಯವರಿಗಾಗಿಯೇ ಇರುವ ಅಲ್-ಅನಾನ್ ಬಳಗಕ್ಕೂ ಧರ್ಮಕೇಂದ್ರದ ಒಂದು ಕೋಣೆ ಬಾಡಿಗೆಯಿಲ್ಲದೆ ಸಿಗಲಿ. ಗುಟ್ಟಾಗಿ ಕುಡಿದು ಗುಟ್ಟಾಗಿಯೇ ನರಳುವ ಹೆಣ್ಣುಮಕ್ಕಳೂ ನಮ್ಮಲ್ಲಿದ್ದಾರೆ. ಅವರೂ ಬಾಗಿಲು ತಟ್ಟುವಂತಿರಲಿ.

ಕಿರು ಕ್ರೈಸ್ತ ಸಮುದಾಯಗಳಿಗೆ ಒಂದೇ ಒಂದು ಮಾತು. ನಿಮ್ಮ ವಾಡೆಯಲ್ಲಿ ಇಂಥ ಒಂದು ಮನೆಯಿದೆಯೆಂದು ನಿಮಗೆ ಗೊತ್ತು. ಇಷ್ಟು ದಿನ ಆ ಮನೆಯ ಬಗ್ಗೆ ಮಾತನಾಡಿದ್ದೇವೆ. ಮುಂದಿನ ವಾರ ಆ ಮನೆಯವನ ಜೊತೆ ಬಸ್ಸು ಹತ್ತಿರಿ. ಆಸ್ಪತ್ರೆಯ ಸಾಲಿನಲ್ಲಿ ಅವನ ಪಕ್ಕದಲ್ಲಿ ನಿಲ್ಲಿರಿ, ಚೀಟಿ ಬರೆಸಿರಿ, ಸಂಜೆ ಮನೆಗೆ ತಲುಪಿಸಿರಿ. ಅದರ ಮುಂದಿನ ವಾರವೂ ಹೋಗಿರಿ. ಅವನು ಎಡವಿದರೆ, ಇನ್ನೊಮ್ಮೆ ಹೋಗಿರಿ.